ಇಪ್ಪತ್ತನಾಲ್ಕನೇ ಗವಸು

ಆ ಸರ್ಕಾರಿ ಭವನದ ಆರುನೂರು ಜನರಲ್ಲಿ ಐನೂರ ತೊಂಬತ್ತೊಂಬತ್ತು ಜನ ಕಾಗದ ಹಿಡಿದವರು, ಬಟ್ಟೆ ಹಿಡಿದವಳು ಟೇಪಕ್ಕ ಒಬ್ಬಳೇ. ನೆಲಮಹಡಿಯ ಹಿಂಬದಿಯಲ್ಲಿ, ಜನರೇಟರ್ ಕೋಣೆಗೆ ಅಂಟಿಕೊಂಡ ಹಾಗೆ, ಅವಳದೊಂದು ಒಂಟಿ ಕಿಟಕಿಯ ಕೋಣೆ. ಸಭಾಂಗಣದ ಪರದೆ, ಕುರ್ಚಿಗಳ ಗವಸು, ಬಾವುಟ, ಮೇಜಿಗೆ ಹೊದಿಸುವ ಹಸಿರು ಬಟ್ಟೆ, ಎಲ್ಲ ಅವಳ ಹೊಲಿಗೆ ಯಂತ್ರದ ಕೆಳಗೆ ನುಸುಳಿ ಬಂದವೇ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಹಾಗಾಗಿ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಕಾವಲುಗಾರನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರ ಬಾಯಲ್ಲೂ ಅವಳು ಟೇಪಕ್ಕ ಆಗಿಬಿಟ್ಟಿದ್ದಳು.

ಭವನದ ಅಂಗಳದಲ್ಲಿ ಇಪ್ಪತ್ತಮೂರು ಸ್ಮಾರಕಗಳಿದ್ದವು. ಕುದುರೆ ಏರಿದ ದಂಡನಾಯಕ, ಯಾವ ಯುದ್ಧದಲ್ಲೂ ಸಿಡಿಯದ ಒಂದು ಫಿರಂಗಿ, ಸೈನಿಕರ ನೆನಪಿನ ಕಂಬ, ಪುಸ್ತಕ ಬಿಚ್ಚಿ ಹಿಡಿದ ಕವಯಿತ್ರಿ, ಮುಖ ಗಂಟಿಕ್ಕಿದ ನ್ಯಾಯಾಧೀಶ, ಎತ್ತರದ ಟೋಪಿ ಹಾಕಿ ಬೆತ್ತ ಊರಿ ನಿಂತ ಹಳೇ ಕಾಲದ ಅಧಿಕಾರಿ, ಹೀಗೆ. ಬಂದ ಸರ್ಕಾರವೆಲ್ಲ ತನ್ನ ಪಾಲಿಗೆ ಒಂದನ್ನು ನೆಟ್ಟು ಹೋಗಿತ್ತು. ಕೀಳುವ ಧೈರ್ಯ ಮಾತ್ರ ಯಾವ ಸರ್ಕಾರಕ್ಕೂ ಬಂದಿರಲಿಲ್ಲ, ಆದ್ದರಿಂದ ಹುಲ್ಲುಹಾಸಿನ ಮೇಲೆ ನಡೆಯುವವರು ಯಾರೋ ಒಬ್ಬ ಮಹನೀಯರಿಗೆ ಡಿಕ್ಕಿ ಹೊಡೆಯದೆ ಆಚೆ ಬರುವುದು ಕಷ್ಟವಾಗಿತ್ತು. ಈಗ ಇಪ್ಪತ್ತನಾಲ್ಕನೆಯದೂ ಬರುವುದಿತ್ತು. ಟೇಪಕ್ಕನ ಎದೆ ಎರಡು ತಿಂಗಳಿಂದ ಹೊಡೆದುಕೊಳ್ಳುತ್ತಿದ್ದುದು ಅದರ ಸಲುವಾಗಿಯೇ, ಯಾಕೆಂದರೆ ಆ ಇಪ್ಪತ್ತನಾಲ್ಕನೆಯದು ಅವಳ ಅಮ್ಮ.

ಅಮ್ಮ ಅಂತ ಎಲ್ಲೂ ಬರೆದಿರಲಿಲ್ಲ, ನಿಜ. ಭವನ ಕಟ್ಟಿ ಅರವತ್ತೈದು ವರ್ಷವಾದ ಮೇಲೆ, ಕಲ್ಲು ಹೊತ್ತವರನ್ನೂ ಗಾರೆ ಹೊತ್ತವರನ್ನೂ ನೆನೆಯಬೇಕು ಎಂದು ದೊಡ್ಡವರಿಗೆ ಹೊಳೆದಿತ್ತು. ತಲೆಯ ಮೇಲೆ ಗಾರೆಬುಟ್ಟಿ ಹೊತ್ತ ಹೆಣ್ಣಿನ ಪ್ರತಿಮೆ ಎಂದು ತೀರ್ಮಾನವಾಯಿತು. ಪ್ರತಿಮೆಗೆ ಗವಸಿನ ಅಳತೆ ತೆಗೆಯಲು ಶಿಲ್ಪಿಯ ಕೆಲಸದ ಶೆಡ್ಡಿಗೆ ಹೋದ ಟೇಪಕ್ಕ, ಅರ್ಧ ಮುಗಿದ ಜೇಡಿಮಣ್ಣಿನ ಗೊಂಬೆಯನ್ನು ನೋಡಿ ಬಾಯಿ ಬಿಗಿಹಿಡಿಯಲಾರದೆ ಹೋದಳು.

"ಗಾರೆ ಹೊತ್ತವಳು ಹೀಗೆ ನಿಲ್ಲಲ್ಲ ಸ್ವಾಮಿ. ಇದು ಕಿರೀಟ ಇಟ್ಕೊಂಡ ರಾಣಿ."

ಶಿಲ್ಪಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಹಾಗಾದ್ರೆ ಹೇಗೆ ನಿಲ್ತಾಳಮ್ಮ? ತಿಳಿದೋರನ್ನ ಕರ್ಕೊಂಡು ಬಾ ನೋಡೋಣ."

ಟೇಪಕ್ಕ ಮಾರನೆಯ ದಿನವೇ ಅಮ್ಮನನ್ನು ಕರೆದುಕೊಂಡು ಹೋದಳು. ಎಂಬತ್ತೊಂದು ವರ್ಷದ ಮುದುಕಿ ಬುಟ್ಟಿಯನ್ನು ತಲೆಗಿಟ್ಟುಕೊಂಡಳು, ಒಂದು ಸಲ ಅತ್ತಿತ್ತ ಅಲುಗಿದಳು, ಭಾರವನ್ನೆಲ್ಲ ಎಡಗಾಲಿಗೆ ಹಾಕಿ ಸೊಂಟ ಆಚೆ ನೂಕಿ ನಿಂತಳು. "ನೋಡ್ಕೋ ಬೇಗ. ಗಾರೆ ಗಟ್ಟಿಯಾಗುತ್ತೆ," ಎಂದಳು. ಶಿಲ್ಪಿ ತನ್ನ ರಾಣಿಯನ್ನು ಅಲ್ಲೇ ಮುದ್ದೆ ಮಾಡಿ ಹೊಸದಾಗಿ ಶುರುಮಾಡಿದ. ಐದು ದಿನ ಮುದುಕಿ ನಿಂತಳು, ಐದು ದಿನವೂ ಅವನನ್ನು ಬೈದಳು, ಅವನು ಒಂದಕ್ಕೂ ಎದುರು ಮಾತಾಡಲಿಲ್ಲ. ಪ್ರತಿಮೆಯ ಮುಖವನ್ನು ಮಾತ್ರ ತೋರಿಸಲಿಲ್ಲ. "ಅನಾವರಣದ ದಿನ ನೋಡುವಿರಂತೆ ಅಜ್ಜಿ" ಎಂದುಬಿಟ್ಟ.

ಅನಾವರಣದ ದಿನ ಎನ್ನುವುದೇ ದೊಡ್ಡ ತೊಡಕು. ಅಮ್ಮ ಆ ಭವನದ ಗೇಟಿನೊಳಗೆ ಕಾಲಿಟ್ಟು ಅರವತ್ತೈದು ವರ್ಷವಾಗಿತ್ತು. ಹದಿನಾಲ್ಕರಿಂದ ಹದಿನಾರರವರೆಗೆ ಎರಡು ವರ್ಷ ಅಲ್ಲಿ ಗಾರೆ ಹೊತ್ತಿದ್ದಳು. ಉದ್ಘಾಟನೆಗೆ ಒಂದು ದಿನ ಮುಂಚೆ ಮೇಲ್ವಿಚಾರಕ ಬಂದು, "ನಾಳೆ ದೊಡ್ಡವರು ಬರ್ತಾರೆ, ನೀವ್ಯಾರೂ ಕಣ್ಣಿಗೆ ಬೀಳಬಾರದು," ಎಂದು ಎಲ್ಲರನ್ನೂ ಹಿಂದಿನ ಗೇಟಿನಿಂದ ಕಳಿಸಿದ್ದ. ಮಾರನೆಯ ದಿನ ಬೇಲಿಯಾಚೆ ನಿಂತು ಬ್ಯಾಂಡಿನ ಸದ್ದು ಕೇಳಿಸಿಕೊಂಡ ಹುಡುಗಿ, ಕರೆಯದೆ ಈ ಗೇಟು ದಾಟುವುದಿಲ್ಲ ಎಂದು ಪಟ್ಟು ಹಿಡಿದವಳು ಮುದುಕಿಯಾದರೂ ಬಿಟ್ಟಿರಲಿಲ್ಲ. ಮಗಳು ಅದೇ ಭವನದಲ್ಲಿ ಇಪ್ಪತ್ತಾರು ವರ್ಷ ದುಡಿದರೂ ಅಷ್ಟೆ. ಟೇಪಕ್ಕ ಊಟದ ಡಬ್ಬಿ ಮರೆತು ಬಂದರೆ ಅಮ್ಮ ಗೇಟಿನವರೆಗೆ ತಂದು, ಕಾವಲುಗಾರನ ಕೈಗಿಟ್ಟು, ಒಳಗೆ ಕಣ್ಣೆತ್ತಿಯೂ ನೋಡದೆ ಹಿಂತಿರುಗುತ್ತಿದ್ದಳು.

ಈಗ ಕರೆ ಬಂದಿತ್ತು, ಅಚ್ಚು ಹಾಕಿಸಿದ ಕಾರ್ಡಿನಲ್ಲಿ. ಮೊದಲ ಸಾಲಿನ ಕುರ್ಚಿ. ಅಮ್ಮ ಕಾರ್ಡನ್ನು ಮೂರು ಸಲ ಓದಿಸಿ ಕೇಳಿ, ಕೊನೆಗೊಂದು ಮಾತು ಹೇಳಿದ್ದಳು.

"ಬರ್ತೀನಿ. ಆದ್ರೆ ಕರೆಸಿ ಅವಮಾನ ಮಾಡಿದ್ರೋ, ಅಲ್ಲಿಂದಲೇ ಎದ್ದು ಬರ್ತೀನಿ. ಆಮೇಲೆ ಆ ಭವನದ ಸುದ್ದಿ ನನ್ನ ಮುಂದೆ ಎತ್ತಬಾರದು ನೀನು."

ಈಗ ಗವಸುಗಳ ಕಥೆ. ಭವನಕ್ಕೆ ಬಣ್ಣ ಹೊಡೆಸುವುದೂ ಪ್ರತಿಮೆಯ ಅನಾವರಣವೂ ಒಟ್ಟಿಗೆ ಬಂದು ಕೂತಿದ್ದವು. ಮಹನೀಯರ ತಲೆಯ ಮೇಲೆ ಬಣ್ಣ ಸೋರಬಾರದೆಂದು ಇಪ್ಪತ್ತನಾಲ್ಕಕ್ಕೂ ಗವಸು ಹೊಲಿಯಲು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವರು ಸಮಾರಂಭಗಳ ಅಧಿಕಾರಿ. ಅವರು ಪಟ್ಟಿ ಇಲ್ಲದೆ ಸೀನುವುದೂ ಇಲ್ಲ ಎಂದು ಕಚೇರಿಯವರು ಆಡಿಕೊಳ್ಳುತ್ತಿದ್ದರು, ಎಲ್ಲರೂ ಅವರನ್ನು ಬೆನ್ನ ಹಿಂದೆ ಪಟ್ಟಿ ಸಾಹೇಬರು ಎನ್ನುತ್ತಿದ್ದರು. ಎಲ್ಲ ಗವಸೂ ಒಂದೇ ಥಾನಿನ ಬಿಳಿ ಬಟ್ಟೆಯಲ್ಲಿರಬೇಕು, ನೋಡಲು ಒಂದೇ ಥರ ಕಾಣಬೇಕು ಎಂದು ಅವರೇ ಬರೆದುಕೊಟ್ಟರು. ಟೇಪಕ್ಕ ಚೀಲದ ಹಾಗೆ ಸಡಿಲವಾಗಿ ಹೊಲಿದು, ಬುಡದಲ್ಲಿ ಲಾಡಿ ಪೋಣಿಸಿ, ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿದಳು. ನಂಬರ್ ಹಾಕಿದ್ದು ಬಟ್ಟೆಯ ಒಳಮೈಗೆ, ಅಂಚಿನ ಮಡಿಕೆಯ ಹತ್ತಿರ. ಗುರುತನ್ನು ಹೊರಮೈಗೆ ಹಾಕುವ ದರ್ಜಿ ಈ ಭೂಮಿಯ ಮೇಲೆ ಇದ್ದಾನೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವಳಿಗೆ ಕೆಲಸ ಕಲಿಸಿದವನು, ಹೊರಮೈಗೆ ಸೀಮೆಸುಣ್ಣ ತಾಗಿದರೆ ಅಳತೆಗೋಲಿನಿಂದ ಗೆಣ್ಣಿಗೆ ಬಾರಿಸುತ್ತಿದ್ದ.

ಬಣ್ಣದವರ ಅಟ್ಟಣಿಗೆಗೆ ಜಾಗ ಬೇಕಾಗಿ, ಕುದುರೆ, ಫಿರಂಗಿ, ಕಂಬಗಳನ್ನು ಇದ್ದಲ್ಲೇ ಬಿಟ್ಟು, ಆಳೆತ್ತರದ ಹನ್ನೊಂದು ಪ್ರತಿಮೆಗಳನ್ನು ಕ್ರೇನಿನಲ್ಲಿ ಎತ್ತಿ ಹಿತ್ತಲಿಗೆ ಸಾಗಿಸಿದ್ದರು. ಹೊಸ ಪ್ರತಿಮೆಯೂ ಬಂದು ಅವುಗಳ ಜೊತೆಯೇ ನಿಂತು, ಗವಸು ತೊಟ್ಟು ಕಾಯುತ್ತಿತ್ತು. ಅನಾವರಣದ ಹಿಂದಿನ ದಿನ ಎಲ್ಲವನ್ನೂ ಪೀಠಗಳಿಗೆ ಸೇರಿಸಬೇಕು. ಆ ದಿನ ಟೇಪಕ್ಕ ರಜೆ. "ಊರಿಗೆಲ್ಲ ಹೊಲಿದುಕೊಡ್ತೀಯ, ನನಗೆ ಹಳೇ ಬಟ್ಟೆಯಲ್ಲೇ ಬಾ ಅಂತೀಯಾ?" ಎಂದು ಅಮ್ಮ ಕೇಳಿದ ಮೇಲೆ ಹೊಸ ಸೀರೆ ತಂದು ರವಿಕೆ ಹೊಲಿಯದೆ ವಿಧಿಯಿರಲಿಲ್ಲ. ಹೋಗುವ ಮುಂಚೆ ಕ್ರೇನಿನ ಮೇಸ್ತ್ರಿಯ ಕೈಗೆ ಪಟ್ಟಿ ಕೊಟ್ಟು, "ಎಲ್ಲಕ್ಕೂ ನಂಬರ್ ಹಾಕಿದ್ದೀನಣ್ಣ, ನೋಡಿ ಇಡು," ಎಂದು ಹೇಳಿಯೇ ಹೋಗಿದ್ದಳು. ಒಳಗೆ ಹಾಕಿದ್ದೇನೆ ಎಂದು ಹೇಳಲಿಲ್ಲ. ಬೆಳಗಾದರೆ ಹಗಲು ಎಂದು ಯಾರಾದರೂ ಹೇಳುತ್ತಾರೆಯೇ?

ಅನಾವರಣದ ಬೆಳಿಗ್ಗೆ ಒಂಬತ್ತೂವರೆಗೆ ಅಮ್ಮ ಮಗಳು ಮುಂದಿನ ಗೇಟಿಗೆ ಬಂದರು. ಅಮ್ಮ ಗೇಟಿನ ಹೊರಗೆ ಒಂದು ಕ್ಷಣ ನಿಂತಳು. ಕಾವಲುಗಾರ ಕಾರ್ಡು ನೋಡಿ, ಎದ್ದು ನಿಂತು, "ಬನ್ನಿ ಅಜ್ಜಿ, ಒಳಗೆ ಬನ್ನಿ," ಎಂದ. ಅಮ್ಮ ಅವನನ್ನೊಮ್ಮೆ ನೋಡಿ, ಮಗಳ ಕೈಯನ್ನು ಬಿಟ್ಟು, ತಾನೇ ನಡೆದು ಒಳಗೆ ಬಂದಳು. ಟೇಪಕ್ಕನಿಗೆ ಕಣ್ಣು ತುಂಬಿ ಬಂತು, ಜೊತೆಗೆ ಸಂತೋಷಕ್ಕೆ ಕುಣಿಯಬೇಕು ಅನ್ನಿಸಿತು. ಎರಡನ್ನೂ ಮಾಡದೆ ಅಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿದಳು.

ವೇದಿಕೆಯ ಪಕ್ಕದಲ್ಲೇ ಹೊಸ ಪೀಠ, ಅದರ ಮೇಲೆ ಬಿಳಿ ಗವಸು, ಗವಸಿನ ನೆತ್ತಿಗೆ ಕೆಂಪು ರಿಬ್ಬನ್. ಒಳಗಿನ ತಲೆಯ ಮೇಲೆ ಚಪ್ಪಟೆಯಾಗಿ ಏನೋ ಇರುವುದು ಕಾಣುತ್ತಿತ್ತು. ಬುಟ್ಟಿಯೇ ಎಂದುಕೊಂಡು ಟೇಪಕ್ಕ ಹತ್ತಿರ ಹೋದಳು. ಅಂಚು ಒಂದು ಕಡೆ ಮಗುಚಿಕೊಂಡಿತ್ತು. ದರ್ಜಿಯ ಕೈ ಸುಮ್ಮನಿರುತ್ತದೆಯೇ? ಸರಿಮಾಡಲು ಬೆರಳು ಹಾಕಿದಳು. ಒಳಮೈಯಲ್ಲಿ ಸೀಮೆಸುಣ್ಣದ ಗುರುತು ಕಂಡಿತು: ಒಂಬತ್ತು.

ಒಂಬತ್ತು ಎಂದರೆ ಟೋಪಿಯ ಅಧಿಕಾರಿ.

ಟೇಪಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ, ಹೂಗುಚ್ಛಗಳನ್ನು ಎಣಿಸುತ್ತಿದ್ದ ಪಟ್ಟಿ ಸಾಹೇಬರ ತೋಳು ಹಿಡಿದಳು.

"ಸಾರ್, ಒಳಗಿರೋದು ಟೋಪಿಯವರು!"

"ಯಾವುದರ ಒಳಗೆ?"

"ಗವಸಿನ ಒಳಗೆ! ಅದು ಒಂಬತ್ತು. ನಮ್ಮಮ್ಮ ಇಪ್ಪತ್ತನಾಲ್ಕು."

ಸಾಹೇಬರು ಅವಳ ಮುಖವನ್ನೂ ತಮ್ಮ ಪಟ್ಟಿಯನ್ನೂ ನೋಡಿದರು. ಪಟ್ಟಿಯಲ್ಲಿ ಏನೂ ತಪ್ಪಿರಲಿಲ್ಲ. "ಹತ್ತು ಗಂಟೆ ಹತ್ತು ನಿಮಿಷ, ಅನಾವರಣ. ಹತ್ತೂ ಹದಿನೈದು, ಭಾಷಣ. ಈಗ ಒಂಬತ್ತು ಮುಕ್ಕಾಲು. ಟೇಪಕ್ಕ, ದಯವಿಟ್ಟು ಈಗ ಹೀಗೆಲ್ಲ ಹೇಳಬೇಡ."

"ಹೇಳದೆ ಇದ್ರೆ ಟೋಪಿ ಬುಟ್ಟಿ ಆಗುತ್ತಾ ಸಾರ್?"

ಮೇಸ್ತ್ರಿಯನ್ನು ಹುಡುಕಿಸಿದರು. ಅವನು ಕ್ರೇನಿನ ನೆರಳಲ್ಲಿ ಆರಾಮವಾಗಿ ಟೀ ಕುಡಿಯುತ್ತಿದ್ದ. "ನಂಬರ್ ಎಲ್ಲಕ್ಕ ಇತ್ತು? ಸುತ್ತಲೂ ನೋಡಿದ್ವಿ, ಒಂದಕ್ಕೂ ಇರಲಿಲ್ಲ. ಎತ್ತರ ನೋಡಿ ಎತ್ತರಕ್ಕೆ, ಗಿಡ್ಡ ನೋಡಿ ಗಿಡ್ಡಕ್ಕೆ, ಅಂದಾಜಿನ ಮೇಲೆ ಇಟ್ಟಿದ್ದೀವಿ. ಚೆನ್ನಾಗೇ ಕಾಣ್ತಿದೆಯಲ್ಲ?"

"ಒಳಗೆ ಹಾಕಿದ್ದೆ ಕಣಣ್ಣ, ಒಳಗೆ! ಅಂಚು ಎತ್ತಿ ನೋಡ್ಬೇಕಿತ್ತು!"

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. "ಅಷ್ಟು ದೊಡ್ಡವರ ಬಟ್ಟೆ ಎತ್ತಿ ನೋಡೋಕಾಗುತ್ತೇನಕ್ಕ?" ಎಂದ.

ಟೇಪಕ್ಕ ಅಂಗಳದಲ್ಲಿ ಓಡಲು ಶುರುಮಾಡಿದಳು. ಹಿಂದೆ ಪಟ್ಟಿ ಹಿಡಿದ ಸಾಹೇಬರು. ಅವಳು ಒಂದೊಂದು ಪೀಠದ ಮುಂದೆ ಬಗ್ಗಿ, ಲಾಡಿ ಸಡಿಲಿಸಿ, ಗವಸಿನೊಳಗೆ ತಲೆ ತೂರಿಸಿ ಕೂಗುವುದು, ಅವರು ಪಟ್ಟಿ ನೋಡಿ ನರಳುವುದು.

"ಹದಿನೇಳು!"

"ಅಯ್ಯೋ, ಅದು ವಿಜ್ಞಾನಿ. ನ್ಯಾಯಾಧೀಶರ ಪೀಠದಲ್ಲಿ ಏನು ಮಾಡ್ತಿದ್ದಾರೆ ಇವರು?"

"ಐದು!"

"ಕವಯಿತ್ರಿ! ಪೊಲೀಸ್ ಮುಖ್ಯಸ್ಥರ ಜಾಗದಲ್ಲಿ! ದೇವರೇ, ಇನ್ನೂ ಎಷ್ಟು?"

ನಾಲ್ಕನೆಯ ಪೀಠಕ್ಕೆ ಬರುವಷ್ಟರಲ್ಲಿ ಬ್ಯಾಂಡು ಶುರುವಾಯಿತು. ಸಭಾಧ್ಯಕ್ಷೆ ಬಂದಿಳಿದಿದ್ದರು. ಅವರು ಎಪ್ಪತ್ತು ದಾಟಿದ, ದಪ್ಪ ಕನ್ನಡಕದ, ನೆಟ್ಟನೆಯ ಹೆಂಗಸು. ಸದನದಲ್ಲಿ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಕೂಗಾಡುತ್ತಿದ್ದವರ ಬಾಯಿಗೆ ಬೀಗ ಬೀಳುತ್ತಿತ್ತು. ಸಾಹೇಬರು ಪಟ್ಟಿಯನ್ನು ಎದೆಗೊತ್ತಿಕೊಂಡು ವೇದಿಕೆಗೆ ಓಡಿದರು. ಟೇಪಕ್ಕನೂ ಓಡಿದಳು, ಆದರೆ ಕುರ್ಚಿಗಳ ಸಾಲು ಅಡ್ಡ ಬಂತು. ಅವಳು ನೋಡನೋಡುತ್ತಿದ್ದಂತೆ ಸಭಾಧ್ಯಕ್ಷೆ ಫೋಟೊದವರ ಕಡೆ ಮುಖ ಮಾಡಿ, ನಗುತ್ತ, ಹಿಂದಕ್ಕೆ ಕೈಚಾಚಿ ರಿಬ್ಬನ್ ಎಳೆದುಬಿಟ್ಟರು. ಗವಸು ಸರ್ರೆಂದು ಜಾರಿತು.

ಎತ್ತರದ ಟೋಪಿ, ಗಿರಿಜಾ ಮೀಸೆ, ಬೆತ್ತ. ಹಳೇ ಅಧಿಕಾರಿ ಬಿಸಿಲಿನಲ್ಲಿ ಫಳಫಳ ಹೊಳೆದ.

ಜನ ಅಭ್ಯಾಸಬಲದಿಂದ ಚಪ್ಪಾಳೆ ಹೊಡೆದರು, ಆಮೇಲೆ ನೋಡಿದರು. ಸಭಾಧ್ಯಕ್ಷೆ ತಿರುಗಿ ನೋಡದೆ ಮೈಕಿನ ಮುಂದೆ ನಿಂತು, ಬರೆದುಕೊಟ್ಟಿದ್ದನ್ನು ಗಂಭೀರವಾಗಿ ಓದತೊಡಗಿದರು. "ಬಂಧುಗಳೇ, ಒಮ್ಮೆ ಈ ತಾಯಿಯನ್ನು ನೋಡಿ. ಈ ಸೊಂಟ ಎಷ್ಟು ಭಾರ ಹೊತ್ತಿರಬಹುದು! ಈ ಮೃದುವಾದ ಕೆನ್ನೆಗಳ ಮೇಲೆ ಎಷ್ಟು ಬೆವರು ಹರಿದಿರಬಹುದು!"

ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬ್ಯಾಂಡಿನ ತುತ್ತೂರಿಯವನು ತುತ್ತೂರಿಯೊಳಗೇ ನಕ್ಕುಬಿಟ್ಟ, ಅದು ವಿಚಿತ್ರವಾಗಿ ಪೀಂಗುಟ್ಟಿತು. ಸಭಾಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ಕೈತೋರಿಸುತ್ತಲೇ ತಿರುಗಿ, ಮೀಸೆಯನ್ನು ನೋಡಿದರು. ಮತ್ತೆ ಕಾಗದ ನೋಡಿದರು. ಮತ್ತೆ ಮೀಸೆ ನೋಡಿದರು. ಅವರ ಭುಜ ಅಲುಗಿತು. ಅಷ್ಟು ಕಟ್ಟುನಿಟ್ಟಿನ ಹೆಂಗಸಿಗೆ ಒಂದು ಗುಟ್ಟಿನ ಕಾಯಿಲೆ ಇತ್ತು, ನಗು ಶುರುವಾದರೆ ನಿಲ್ಲಿಸಲು ಬರುತ್ತಿರಲಿಲ್ಲ. ಮೈಕಿನಲ್ಲಿ "ಈ ತಾಯಿ…" ಎಂದವರು ಮುಂದೆ ಹೋಗಲಾರದೆ, ಮೇಜು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಅಂಗಳಕ್ಕೆ ಅಂಗಳವೇ ಭೋರ್ಗರೆಯಿತು. ಕಾರ್ಯದರ್ಶಿಗಳು ಪಕ್ಕೆ ಹಿಡಿದುಕೊಂಡರು. ಪಟ್ಟಿ ಸಾಹೇಬರು ಮಾತ್ರ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಗದಿದ್ದವಳು ಇನ್ನೊಬ್ಬಳು, ಅಮ್ಮ. ಅವಳು ಹೊಸ ಬಟ್ಟೆಯ ಮಡಿಕೆ ಸರಿಮಾಡಿಕೊಂಡು ಎದ್ದಳು. ಟೇಪಕ್ಕ ನೂಕಿಕೊಂಡು ಬಂದು ಅವಳ ಮುಂದೆ ನಿಂತಳು.

"ಅಮ್ಮ, ನಿಲ್ಲಮ್ಮ. ತಪ್ಪು ನಂದು. ನಂಬರ್ ಒಳಗೆ ಹಾಕಿದ್ದೆ, ಅವರು ನೋಡಲಿಲ್ಲ. ನೀನು ಇಲ್ಲೇ ಎಲ್ಲೋ ಇದ್ದೀಯ."

"ನಾನು ಇಲ್ಲೇ ಇದ್ದೀನಿ. ಇವರಿಗೆ ಕಂಡಿಲ್ಲ. ಅವತ್ತೂ ಕಂಡಿರಲಿಲ್ಲ," ಎಂದಳು ಅಮ್ಮ. ದನಿ ಏರಿಸಲಿಲ್ಲ. "ದಾರಿ ಬಿಡು."

ಈಗ ಹೋದರೆ ಅಮ್ಮ ಇನ್ನೆಂದೂ ಬರುವುದಿಲ್ಲ, ಎಂಬತ್ತೊಂದು ವರ್ಷದವಳಿಗೆ ಇನ್ನೆಂದು ಎನ್ನುವುದು ಎಷ್ಟು ದಿನ? ನಾಚಿಕೆ ಮಾನ ಎಲ್ಲವನ್ನೂ ಬದಿಗಿಟ್ಟು ಟೇಪಕ್ಕ ವೇದಿಕೆ ಹತ್ತಿ, ನಗುತ್ತಲೇ ಇದ್ದ ಸಭಾಧ್ಯಕ್ಷೆಯ ಮೈಕಿಗೆ ಬಾಯಿ ಹಾಕಿದಳು.

"ಇಪ್ಪತ್ತನಾಲ್ಕು ಹುಡುಕಿ! ಎಲ್ಲರೂ ಹುಡುಕಿ! ಗವಸಿನ ಅಂಚು ಮಗುಚಿ, ಒಳಗಡೆ ನಂಬರ್ ಇದೆ! ಇಪ್ಪತ್ತನಾಲ್ಕು ಸಿಕ್ಕಿದವರು ಕೂಗಿ!"

ನಗುವ ಜನಕ್ಕೆ ಒಂದು ಕೆಲಸ ಸಿಕ್ಕರೆ ಸಾಕು. ಐದು ನಿಮಿಷದಲ್ಲಿ ಆ ಅಂಗಳದಲ್ಲಿ ನಡೆದದ್ದನ್ನು ಯಾವ ಸರ್ಕಾರವೂ ಕಂಡಿರಲಿಲ್ಲ. ಉಪಕಾರ್ಯದರ್ಶಿಗಳು ಮಂಡಿಯೂರಿದರು. ಟೈಪಿಸ್ಟರು ಪೀಠ ಹತ್ತಿದರು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಗವಸಿನೊಳಗೆ ಹೊಕ್ಕು ಹೊರಬರಲು ದಾರಿ ತಿಳಿಯದೆ ಒಳಗಿಂದಲೇ ಸಹಾಯ ಬೇಡಿದರು. "ಮೂರು!" "ಇಪ್ಪತ್ತು!" "ಇದು ಆರೋ ಒಂಬತ್ತೋ?" "ಒಂಬತ್ತು ಆಗಲೇ ಬಿಚ್ಚಿ ನಿಂತಿದ್ದಾರಲ್ಲಯ್ಯಾ!" ಯಾರೋ ಆತುರದಲ್ಲಿ ಲಾಡಿ ಪೂರಾ ಎಳೆದು ನ್ಯಾಯಾಧೀಶರನ್ನು ಕುಡಿಯುವ ನೀರಿನ ನಲ್ಲಿಯ ಮುಂದೆ ಬಯಲು ಮಾಡಿದರು. ಸಭಾಧ್ಯಕ್ಷೆ ತಾವೂ ಒಂದು ಅಂಚು ಎತ್ತಿ, "ಹನ್ನೊಂದು!" ಎಂದು ಚಿಕ್ಕ ಹುಡುಗಿಯ ಹಾಗೆ ಕಿರುಚಿ ಮತ್ತೆ ನಕ್ಕರು. ಟೇಪಕ್ಕ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದಳು. ಭಯ ಹೊಟ್ಟೆಯಲ್ಲಿತ್ತು, ನಗು ಗಂಟಲಲ್ಲಿತ್ತು, ಎರಡೂ ಒಟ್ಟಿಗೆ ಬರುವುದೆಂದರೆ ಬಿಕ್ಕಳಿಕೆಯ ಹಾಗೆ, ತಡೆಯಲು ಅವಳಿಂದಾಗಲಿಲ್ಲ.

ಅಮ್ಮ ಈ ಗದ್ದಲದ ನಡುವೆ ಯಾರನ್ನೂ ಲೆಕ್ಕಿಸದೆ ಗೇಟಿನ ಕಡೆ ನಡೆದಳು. ಗೇಟಿಗೆ ಹೋಗುವ ದಾರಿ ಅಂಗಳದ ನಟ್ಟನಡುವಿನ ದೊಡ್ಡ ಪೀಠವನ್ನು ಬಳಸಿ ಹೋಗುತ್ತಿತ್ತು. ಎದೆಯೆತ್ತರದ ಪೀಠ, ಅದಕ್ಕೆ ನಾಲ್ಕು ಮೆಟ್ಟಿಲು. ಭವನದಲ್ಲಿ ಅದಕ್ಕಿಂತ ದೊಡ್ಡ ಪೀಠ ಇರಲಿಲ್ಲ, ಅಲ್ಲಿ ಯಾರೂ ಹುಡುಕಲು ಹೋಗಿರಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಗಾರೆಯವಳು ಇರಲಾರಳು ಎಂದು ಟೇಪಕ್ಕನಿಗೂ ಅನ್ನಿಸಿತ್ತು, ಹೇಳಲು ನಾಚಿಕೆಯಾಗುವ ಮಾತು. ಆಗ ಗಾಳಿ ಬೀಸಿತು. ಸಡಿಲ ಬಟ್ಟೆ ಒಳಗಿನ ಮೈಗೆ ಒತ್ತಿಕೊಂಡಿತು. ಅಮ್ಮ ನಿಂತಳು.

ಟೇಪಕ್ಕ ಆಗ ಎಲ್ಲೋ ಒಂದು ಗವಸಿನೊಳಗೆ ತಲೆ ಹಾಕಿಕೊಂಡಿದ್ದಳು. ಅಮ್ಮನ ದನಿ ಅಲ್ಲಿಗೂ ಕೇಳಿಸಿತು. ಗಾರೆ ತರಲು ಮೂರನೇ ಮಹಡಿಯಿಂದ ಕೂಗಿ ರೂಢಿಯಾದ ದನಿ ಅದು.

"ಲೇ! ಇಲ್ಲಿ ಬಾರೇ! ಇದು ನನ್ನ ಸೊಂಟ!"

ಅಂಗಳ ಗಪ್‌ಚಿಪ್ ಆಯಿತು. ಟೇಪಕ್ಕ ಓಡಿ ಬಂದು, ಮೆಟ್ಟಿಲು ಹತ್ತಿ, ಅಂಚು ಮಗುಚಿದಳು. ಸೀಮೆಸುಣ್ಣ ಅರ್ಧ ಅಳಿಸಿದ್ದರೂ ಅಂಕಿ ಅವಳದೇ.

"ಇಪ್ಪತ್ತನಾಲ್ಕು!" ಎಂದು ಅವಳು ಕೂಗಿದಳು. ಅಂಗಳದಲ್ಲಿ ಎದ್ದ ಚಪ್ಪಾಳೆಗೆ ಹೊಸ ಬಣ್ಣದ ಗೋಡೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು.

ಪಟ್ಟಿ ಸಾಹೇಬರು ಏದುಸಿರು ಬಿಡುತ್ತ ಬಂದರು. "ಇಲ್ಲಿ ಆಗಲ್ಲ, ಇಲ್ಲಿ ಆಗಲ್ಲ. ಇದು ಬೇರೆಯವರ ಪೀಠ. ನಾಳೆ ಕ್ರೇನಿನಲ್ಲಿ ಇಳಿಸಿ…"

"ಬುಟ್ಟಿ ಸೇರಿ ಇದೇ ಎಲ್ಲಕ್ಕಿಂತ ಎತ್ತರ ಇತ್ತು ಸಾರ್," ಎಂದ ಮೇಸ್ತ್ರಿ. "ಅದಕ್ಕೇ ದೊಡ್ಡದರ ಮೇಲೆ ಇಟ್ವಿ."

ಸಭಾಧ್ಯಕ್ಷೆ ಕನ್ನಡಕ ಒರೆಸಿಕೊಂಡು, ಬಗ್ಗಿ, ಪೀಠದ ಹಿತ್ತಾಳೆ ಫಲಕವನ್ನು ಓದಿದರು. "ಈ ಭವನವನ್ನು ಕಟ್ಟಿದ ಪುಣ್ಯಾತ್ಮರು ಇವರು." ಹೆಸರು ಕೂಡ ಇರಲಿಲ್ಲ. ಆ ಕಾಲದ ದೊರೆಗೆ, ತನ್ನ ಹೆಸರನ್ನು ಹೇಳಿಕೊಡುವ ಅಗತ್ಯ ಯಾರಿಗೂ ಬೀಳದು ಎಂಬ ಭರವಸೆ ಇದ್ದಿರಬೇಕು. ದೊರೆ ಈಗ ಸೈಕಲ್ ನಿಲ್ದಾಣದ ಪಕ್ಕ, ಮೂರು ಎಂಬ ನಂಬರಿನಲ್ಲಿ, ಗವಸು ಹೊದ್ದು ನಿಂತಿದ್ದ.

"ಏನಂತೆ ಬರೆದಿರೋದು?" ಎಂದಳು ಅಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ.

ಸಭಾಧ್ಯಕ್ಷೆ ಮತ್ತೊಮ್ಮೆ, ನಿಧಾನವಾಗಿ ಓದಿ ಹೇಳಿದರು.

"ಸರಿಯಾಗೇ ಇದೆಯಲ್ಲ," ಎಂದಳು ಅಮ್ಮ. "ನಾಳೆ ಯಾಕೆ ಇಳಿಸ್ಬೇಕು?"

ಸಾಹೇಬರು ಸಭಾಧ್ಯಕ್ಷೆಯ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. ಅಷ್ಟೇ, ಸಾಹೇಬರು ಕಿವಿಯ ಹಿಂದಿನ ಪೆನ್ಸಿಲು ತೆಗೆದು ಪಟ್ಟಿಯನ್ನು ತಿದ್ದಲು ಕೂತರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಪಟ್ಟಿಯನ್ನು ತಿದ್ದಿದ್ದು ಅದೇ ಮೊದಲು.

ಸಭಾಧ್ಯಕ್ಷೆ ಲಾಡಿಯ ತುದಿಯನ್ನು ಅಮ್ಮನ ಕೈಗಿಟ್ಟರು. "ನೀವೇ ಎಳೀರಿ ಅಕ್ಕ. ನಾನು ಎಳೆದದ್ದು ಆಯ್ತಲ್ಲ, ಅದರ ಚೆಂದ ಎಲ್ಲರೂ ನೋಡಿದ್ರು."

ಅಮ್ಮ ಮೆಟ್ಟಿಲು ಹತ್ತಿ ಎಳೆದಳು. ಗಂಟು ಜಪ್ಪಯ್ಯ ಎನ್ನಲಿಲ್ಲ. "ಹೆತ್ತವಳನ್ನ ಇಷ್ಟು ಬಿಗಿಯಾಗಿ ಕಟ್ಟಿಹಾಕ್ತಾರೇನೇ?" ಎಂದು ಮಗಳನ್ನು ಗದರಿ, ಉಳಿದಿದ್ದ ನಾಲ್ಕು ಹಲ್ಲಿನಲ್ಲೇ ಕಚ್ಚಿ ಬಿಚ್ಚಿದಳು. ಮೇಸ್ತ್ರಿ ಹಿಂದಿನಿಂದ ಎತ್ತಿಕೊಟ್ಟ. ಗವಸು ಬುಟ್ಟಿಯನ್ನು ದಾಟಿ, ಎತ್ತಿದ ಕೈಯನ್ನು ದಾಟಿ, ಮೆಟ್ಟಿಲ ಮೇಲೆ ಬಂದು ಬಿತ್ತು.

ಹದಿನಾರರ ಹುಡುಗಿ ನಿಂತಿದ್ದಳು. ಎಡಗಾಲಿನ ಮೇಲೆ ಭಾರ, ಆಚೆ ನೂಕಿದ ಸೊಂಟ, ಇನ್ನೇನು ಯಾರನ್ನೋ ಬೈಯಲು ಹೊರಟ ತುಟಿ. ಶಿಲ್ಪಿ ಎಂಬತ್ತೊಂದರ ಮುಖದಿಂದ ಅರವತ್ತೈದು ವರ್ಷವನ್ನು ಒಂದೊಂದಾಗಿ ಬಿಡಿಸಿ ತೆಗೆದಿದ್ದ. ಟೇಪಕ್ಕ ಅಮ್ಮನನ್ನು ಆ ವಯಸ್ಸಿನಲ್ಲಿ ಕಂಡವಳೇ ಅಲ್ಲ, ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು.

ಅಮ್ಮ ಒಂದು ಮೆಟ್ಟಿಲು ಇಳಿದು ತಲೆಯೆತ್ತಿ ಆ ಮುಖವನ್ನು ನೋಡಿದಳು. ಆಮೇಲೆ ಮಗಳಿಗೆ ಮಾತ್ರ ಕೇಳಿಸುವಂತೆ ಕೇಳಿದಳು.

"ಲೇ, ನಾನು ಇಷ್ಟು ಚೆಂದ ಇದ್ನಾ?"

"ಇದ್ದೆ ಕಣಮ್ಮ."

"ಯಾರೂ ಹೇಳ್ಲೇ ಇಲ್ಲ ನೋಡು. ಆಗ ನಮ್ಮ ಹತ್ರ ಕನ್ನಡಿ ಎಲ್ಲಿತ್ತು? ಗಾರೆ ನೀರಲ್ಲಿ ಮುಖ ಕಾಣಲ್ಲ." ಅಷ್ಟು ಹೇಳಿ ಮುದುಕಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಸಭಾಧ್ಯಕ್ಷೆಯ ಕಡೆ ನೋಡಿ ಜೋರಾಗಿ. ಆ ಪುಣ್ಯಾತ್ಗಿತ್ತಿಗೆ ಅಷ್ಟೇ ಸಾಕಾಗಿತ್ತು, ಅವರ ನಗು ಮತ್ತೆ ಶುರುವಾಯಿತು.

ಏನು ಬಾರಿಸಬೇಕೆಂದು ತಿಳಿಯದೆ ಇಷ್ಟು ಹೊತ್ತು ಕಕ್ಕಾಬಿಕ್ಕಿಯಾಗಿದ್ದ ಬ್ಯಾಂಡಿನವರು, ತಮಗೆ ಗೊತ್ತಿದ್ದ ಅತಿ ಚುರುಕಿನ ರಾಗವನ್ನು ಹಿಡಿದರು. ಅಮ್ಮ ಮೆಟ್ಟಿಲ ಮೇಲೆಯೇ ಕಾಲು ತಟ್ಟಿದಳು. ಒಂದು ಸಲ ತಟ್ಟಿದಳು, ಎರಡು ಸಲ ತಟ್ಟಿದಳು, ಆಮೇಲೆ ಸಭಾಧ್ಯಕ್ಷೆಯ ಕೈ ಹಿಡಿದು ಎಳೆದುಕೊಂಡು ಕುಣಿಯತೊಡಗಿದಳು. ಆರುನೂರು ಜನ, ನಾಲ್ಕು ಫೋಟೊದವರು, ಹೊದ್ದವರು ಹೊದೆಯದವರು ಸೇರಿ ಇಪ್ಪತ್ತಮೂರು ಮಹನೀಯರು ಎಲ್ಲರ ಎದುರಿಗೇ.

ಟೇಪಕ್ಕನಿಗೆ ನಾಚಿಕೆಯೂ ಆನಂದವೂ ಒಟ್ಟೊಟ್ಟಿಗೆ ಬಂದವು. ಹತ್ತಿರ ಹೋಗಿ ಅಮ್ಮನ ಸೆರಗಿನ ತುದಿ ಜಗ್ಗಿದಳು.

"ಅಮ್ಮ, ಸಾಕು, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಬಿಡೇ," ಎಂದಳು ಅಮ್ಮ, ಕುಣಿಯುತ್ತಲೇ.